ಬಾವಿಯ ತಳದ ಬಿಸಿ

ನೆಲದಡಿ ಎಣ್ಣೆ ಹುಟ್ಟಿ ಸರಿದ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ಬೇಸಿನ್ ಮಾಡೆಲಿಂಗ್‌ನವರ ಪರದೆಗೆ ಎಂಥವರೂ ಮರುಳಾಗುತ್ತಾರೆ. ಗುಜರಾತಿನ ಖಂಭಾತ್ ಬೇಸಿನ್ನಿನ ಆರು ಕೋಟಿ ವರ್ಷ ನಿಮಿಷಗಳಲ್ಲಿ ಓಡಿಬಿಡುತ್ತದೆ. ದಖ್ಖನ್ ಬಸಾಲ್ಟಿನ ಮೇಲೆ ಹೂಳು ಕೂರುತ್ತದೆ, ಆಳದ ಶೇಲ್ ಕಾಯುತ್ತದೆ, ಎಣ್ಣೆಯ ದಾರಿ ತೋರುವ ಹಸಿರು ಬಾಣಗಳು ಮೇಲೇರಿ ಮರಳುಗಲ್ಲಿನ ಉಬ್ಬಿನಲ್ಲಿ ನಿಲ್ಲುತ್ತವೆ. ಅಲ್ಲಿ ಕೆಲಸ ಮಾಡುತ್ತ ನಾನು ಕಲಿತದ್ದಿಷ್ಟು: ಚಿತ್ರ ಆಮೇಲೆ, ಅದಕ್ಕೆ ಉಣಿಸಿದ ಉಷ್ಣತೆ ಎಲ್ಲಿಯದು ಅಂತ ಮೊದಲು ಕೇಳಬೇಕು.

ಶೇಲ್‌ನಲ್ಲಿ ಎಣ್ಣೆ ಹುಟ್ಟಲು ಸುಮಾರು 60ರಿಂದ 120 ಡಿಗ್ರಿ ಬೇಕು. ಕಿಲೋಮೀಟರಿಗೆ 40 ಡಿಗ್ರಿ ಏರುವ ಕಡೆ ಹತ್ತು ಡಿಗ್ರಿ ತಪ್ಪಿದರೆ ಆಳದ ಲೆಕ್ಕ 250 ಮೀಟರ್ ಸರಿಯುತ್ತದೆ. ಕೊರೆಯುವಾಗ ಸುತ್ತುವ ಕೆಸರಿನಂಥ ದ್ರವ, ಅಂದರೆ ಮಡ್, ಬಾವಿಯ ತಳವನ್ನು ತಣಿಸಿರುವುದರಿಂದ ಲಾಗಿಂಗ್ ಉಪಕರಣ ತೋರುವ ಬಿಸಿ ನಿಜಕ್ಕಿಂತ ಕಡಿಮೆ. ಮಡ್ ನಿಂತು ಎಷ್ಟು ಗಂಟೆಯಾಯಿತು ಅಂತ ಗೊತ್ತಿದ್ದರೆ, ಒಂದೇ ಆಳದಲ್ಲಿ ಎರಡು ಮೂರು ಸಲ ಅಳೆದಿದ್ದರೆ, ಹಾರ್ನರ್ ವಿಧಾನದಲ್ಲಿ ತಿದ್ದಬಹುದು. ಹಳೆಯ ಲಾಗ್‌ಗಳಲ್ಲಿ ಆ ಗಂಟೆಗಳ ಕಾಲಂ ಎಷ್ಟೋ ಸಲ ಖಾಲಿ.

ಅದಕ್ಕೇ ವಿಟ್ರಿನೈಟಿನ ಮೊರೆ. ಹಳೆಯ ಮರದ ಚೂರದು, ಕಾದಷ್ಟೂ ಸೂಕ್ಷ್ಮದರ್ಶಕದಡಿ ಹೊಳಪು ಹೆಚ್ಚು. ಪ್ರತಿಫಲನ 0.6 ಶೇಕಡಾ ಸುಮಾರಿಗೆ ಎಣ್ಣೆ ಶುರು, 1.3 ದಾಟಿದರೆ ಮುಗಿದಂತೆ. ಆದರೆ ಬಾವಿಯಿಂದ ಬರುವ ಕಟಿಂಗ್ಸ್‌ನಲ್ಲಿ ಮೇಲಿನ ಪದರದಿಂದ ಕುಸಿದ ಮಂಕು ಚೂರೂ ಇರುತ್ತದೆ, ಹಳೆಯ ಬಂಡೆ ಸವೆದು ಸೇರಿದ ಹೊಳಪಿನದೂ ಇರುತ್ತದೆ. ಪ್ರತಿಫಲನದ ಅಳತೆಗಳ ಗ್ರಾಫಿನಲ್ಲಿ ಎರಡು ಗುಡ್ಡ ಎದ್ದಿದ್ದರೆ ಸರಾಸರಿ ತೆಗೆಯುವುದು ಶುದ್ಧ ದಡ್ಡತನ. ಲ್ಯಾಬಿಗೆ ಹೋಗಿ, ಸ್ಲೈಡ್ ನೋಡಿದವರ ಪಕ್ಕ ಕೂತು ಕೇಳಬೇಕು. (ಬಾಗಲಕೋಟೆ ಕಡೆ ಎಣ್ಣೆ ಸಿಕ್ಕೀತೇ ಅಂತ ಊರಿನವರು ಕೇಳುವುದುಂಟು. ಅಲ್ಲಿನ ಕಲಾದಗಿ ಪದರಗಳು ನೆಲದ ಮೇಲೆ ಮರವೇ ಇಲ್ಲದ ಕಾಲದವು. ನಮ್ಮ ಈ ಥರ್ಮಾಮೀಟರೇ ಅಲ್ಲಿ ನಡೆಯದು.)

ಉಷ್ಣತೆ ತಪ್ಪಿದರೆ ಎಣ್ಣೆ ಹೊರಟ ಕಾಲವೂ ತಪ್ಪುತ್ತದೆ. ಎಣ್ಣೆ ಹೊರಟಾಗ ಅದನ್ನು ಹಿಡಿಯುವ ಉಬ್ಬು ಎದ್ದಿತ್ತೇ? ಹಿಡಿದದ್ದು ಇವತ್ತಿನವರೆಗೆ ಉಳಿಯಿತೇ? 1983ರಲ್ಲಿ ಅಲಾಸ್ಕಾದ ಮುಕ್ಲುಕ್ ಬಾವಿ ತಲುಪಿದ ಬಂಡೆಯಲ್ಲಿ ಎಣ್ಣೆಯ ಕಲೆಯಿತ್ತು, ತುಂಬಿದ್ದು ನೀರು. ಒಮ್ಮೆ ಸೇರಿದ್ದ ಎಣ್ಣೆ ಎಂದೋ ಜಾರಿಹೋಗಿತ್ತು. ಅಷ್ಟು ದುಬಾರಿ ಬರಿಬಾವಿಗಳು ಕಡಿಮೆ.

ರಿಗ್ ಮೇಲಿರುವ ಗೆಳೆಯರಲ್ಲಿ ನನ್ನ ಕೋರಿಕೆ: ಮಡ್ ನಿಲ್ಲಿಸಿದ ಹೊತ್ತನ್ನು ದಯವಿಟ್ಟು ಲಾಗ್‌ನಲ್ಲಿ ಬರೆಯಿರಿ.