ಫ್ಲ್ಯಾಶ್ ಯಾಕೆ ಬೀಳ್ತಾನೆ?

ನಮ್ಮ ಹಾಸ್ಟೆಲ್ ರೂಮಿನ ಶೆಲ್ಫ್ ಮೇಲೆ ಹನ್ನೊಂದು ಜನ ಸಾಲಾಗಿ ನಿಂತಿದ್ದಾರೆ. ಬ್ಯಾಟ್‌ಮನ್, ಸೂಪರ್‌ಮನ್, ಹಾಕ್‌ಗರ್ಲ್, ಗ್ರೀನ್ ಲ್ಯಾಂಟರ್ನ್ ಹೀಗೆ. ಎಲ್ಲರೂ ಐದು ಇಂಚಿಗಿಂತ ಸ್ವಲ್ಪ ಕುಳ್ಳು. ಇವರಲ್ಲಿ ಫ್ಲ್ಯಾಶ್ ಒಬ್ಬ ಮಾತ್ರ ವಾರಕ್ಕೊಮ್ಮೆ ಯಾರೂ ಮುಟ್ಟದೇ ತಾನಾಗೇ ಮುಗ್ಗರಿಸ್ತಾನೆ. ಜಗತ್ತಿನಲ್ಲೇ ಎಲ್ಲರಿಗಿಂತ ಜೋರಾಗಿ ಓಡೋನಿಗೆ ಸುಮ್ಮನೆ ನಿಲ್ಲೋಕೆ ಬರಲ್ಲ ಅಂತ ಮೊದಮೊದಲು ನಗ್ತಿದ್ದೆವು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠ ಶುರುವಾದ ಮೇಲೆ ನಗು ನಿಂತು, ಕಾರಣ ಹುಡುಕೋದು ಶುರುವಾಯಿತು. ಹುಡುಕಿದಾಗ ಸಿಕ್ಕಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಇವರು ಎಲ್ಲಿಂದ ಬಂದವರು ಅಂತ ಹೇಳಿಬಿಡೋಣ. 'ಜಸ್ಟಿಸ್ ಲೀಗ್' ಕಾರ್ಟೂನ್ ಅಮೆರಿಕದಲ್ಲಿ 2001ರ ನವೆಂಬರ್‌ನಲ್ಲಿ ಶುರುವಾಯಿತು. 2004ರಲ್ಲಿ ಅದೇ 'ಜಸ್ಟಿಸ್ ಲೀಗ್ ಅನ್‌ಲಿಮಿಟೆಡ್' ಆಗಿ, 2006ರಲ್ಲಿ ಮುಗಿಯಿತು. ನಮ್ಮಲ್ಲಿ ಕೆಲವರು ಅಣ್ಣಂದಿರ ಪಕ್ಕ ಕೂತು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ನೋಡಿದ್ದು ಇದನ್ನೇ. ಇದರ ಬೊಂಬೆಗಳನ್ನು ಮಾಡಿದ್ದು ಮ್ಯಾಟೆಲ್ ಕಂಪನಿ. ಕಾರ್ಟೂನ್ ನಿಂತ ಮೇಲೂ ಹಲವು ವರ್ಷ ಹೊಸ ಬೊಂಬೆಗಳು ಬರುತ್ತಲೇ ಇದ್ದವು, ನೂರಕ್ಕೂ ಹೆಚ್ಚು ಪಾತ್ರಗಳು. ಟಿವಿಯಲ್ಲಿ ಹಿಂದೆ ನಿಂತು ಒಂದು ಮಾತೂ ಆಡದೇ ಹೋದ ಪಾತ್ರಕ್ಕೂ ಇಲ್ಲಿ ಒಂದು ಬೊಂಬೆ ಸಿಕ್ಕಿದೆ. ಸಂಗ್ರಹ ಮಾಡೋರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಅಷ್ಟು ಪಾತ್ರ ಹೇಗೆ ಸಾಧ್ಯವಾಯಿತು? ಇಲ್ಲೇ ನಮ್ಮ ಸಬ್ಜೆಕ್ಟ್ ಬರೋದು. ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ಪ್ಲಾಸ್ಟಿಕ್ ಅಗ್ಗ, ಉಕ್ಕಿನ ಅಚ್ಚು ದುಬಾರಿ. ಒಂದು ಅಚ್ಚು ಕೊರೆಸಿದ ಮೇಲೆ ಅದರಿಂದ ಎಷ್ಟು ಹೆಚ್ಚು ತುಂಡು ತೆಗೀತೀರೋ ಒಂದೊಂದರ ಖರ್ಚು ಅಷ್ಟು ಕಮ್ಮಿ. ಹಾಗಾಗಿ ಮ್ಯಾಟೆಲ್ ಕೆಲವೇ ಮೈಗಳ ಅಚ್ಚು ಇಟ್ಟುಕೊಂಡು ತಲೆ ಬದಲಿಸಿ, ಬಣ್ಣ ಬದಲಿಸಿ ಹೊಸ ಹೊಸ ಹೀರೋಗಳನ್ನು ಮಾಡಿತು. ಇದು ಎಲ್ಲಾ ಕಾರ್ಟೂನಿಗೂ ಆಗೋ ಮಾತಲ್ಲ. ಬ್ರೂಸ್ ಟಿಮ್ ಅವರ ಗೆರೆಗಳೇ ಹಾಗಿದ್ದವು: ಅಗಲ ಭುಜ, ಸಣ್ಣ ಸೊಂಟ, ಬಟ್ಟೆಯ ಮೇಲೆ ಒಂದು ಸುಕ್ಕೂ ಇಲ್ಲ. 1992ರ 'ಬ್ಯಾಟ್‌ಮನ್: ದಿ ಅನಿಮೇಟೆಡ್ ಸೀರೀಸ್'ನಿಂದಲೂ ಅವರದ್ದು ಇದೇ ಶೈಲಿ. ಚಿತ್ರದಲ್ಲೇ ಮೈಕಟ್ಟು ಒಂದೇ ಥರ ಇರೋದ್ರಿಂದ ಬೊಂಬೆಯಲ್ಲಿ ಒಂದೇ ಮೈ ಬಳಸಿದರೂ ಮೋಸ ಅನ್ನಿಸಲ್ಲ. ಆನಿಮೇಟರ್ ಕೈ ಉಳಿಸಿದ ಗೆರೆ ಟೂಲ್ ರೂಮಿನ ದುಡ್ಡನ್ನೂ ಉಳಿಸಿತು.

ಅದೇ ಗೆರೆ ಫ್ಲ್ಯಾಶ್‌ನ ಕಾಲನ್ನೂ ಮುರಿಯಿತು ಅಂತ ಹೇಳಬೇಕು. ಕಾಗದದ ಮೇಲೆ ಅಗಲವಾದ ಎದೆ, ಕಡ್ಡಿಯಂಥ ಕಣಕಾಲು ಚೆನ್ನಾಗಿ ಕಾಣುತ್ತೆ. ಅದನ್ನೇ ಪ್ಲಾಸ್ಟಿಕ್‌ನಲ್ಲಿ ಮಾಡಿದರೆ ಭಾರವೆಲ್ಲ ಮೇಲೆ, ನಿಲ್ಲೋ ಜಾಗ ಎರಡು ಪುಟ್ಟ ಪಾದ. ಸಾಲದ್ದಕ್ಕೆ ಕಾಲುಗಳು ಮೆತ್ತಗಿನ ಪ್ಲಾಸ್ಟಿಕ್. ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಅಷ್ಟು ಸಣ್ಣ ಕಾಲು ಮಾಡಿದರೆ ಮಕ್ಕಳ ಕೈಯಲ್ಲಿ ಪಟ್ ಅಂತ ಮುರಿಯುತ್ತೆ, ಮೆತ್ತಗಿದ್ದರೆ ಬಾಗುತ್ತೆ. ಈಗ ಕಾಲಂ ಲೆಕ್ಕ ನೆನಪು ಮಾಡಿಕೊಳ್ಳಿ. ಲೋಡ್ ಮಧ್ಯದಿಂದ ಒಂದು ಕೂದಲೆಳೆ ಆಚೆ ಬಿದ್ದರೂ ಬೆಂಡಿಂಗ್ ಮೊಮೆಂಟ್ ಹುಟ್ಟುತ್ತೆ. ಬಾಗಿದಷ್ಟೂ ಮೊಮೆಂಟ್ ಜಾಸ್ತಿ, ಮೊಮೆಂಟ್ ಜಾಸ್ತಿಯಾದಷ್ಟೂ ಇನ್ನಷ್ಟು ಬಾಗು. ಮೆತ್ತಗಿನ ಪ್ಲಾಸ್ಟಿಕ್‌ಗೆ ಕ್ರೀಪ್ ಬೇರೆ ಉಂಟು: ಲೋಡ್ ಬದಲಾಗದೇ ಇದ್ದರೂ ದಿನ ಕಳೆದಂತೆ ಮೆಲ್ಲಗೆ ಜರುಗುತ್ತಾ ಹೋಗುತ್ತೆ. ಬಿಸಿ ಹೆಚ್ಚಾದರೆ ಇನ್ನೂ ಬೇಗ. ಮೇ ತಿಂಗಳಲ್ಲಿ ಕಾಂಕ್ರೀಟ್ ತಾರಸಿಯ ಕೆಳಗಿನ ಕೊನೆ ಮಹಡಿ ರೂಮು ಹೇಗಿರುತ್ತೆ ಅಂತ ನಿಮಗೆ ಬೇರೆ ಹೇಳಬೇಕಿಲ್ಲ. ಫ್ಲ್ಯಾಶ್ ಸೋಮವಾರ ನೆಟ್ಟಗೆ ನಿಂತು ಶನಿವಾರ ಬೀಳೋದಕ್ಕೆ ಇದೇ ಕಾರಣ.

ಇಷ್ಟು ತಿಳಿದುಕೊಂಡಿದ್ದೇವೆ ಅನ್ನೋ ಧೈರ್ಯದಲ್ಲಿ ಕಳೆದ ವರ್ಷ ನಾಲ್ಕು ಜನ ದುಡ್ಡು ಹಾಕಿ, ಎರಡು ತಿಂಗಳ ಹೊರಗಿನ ತಿಂಡಿ ಬಿಟ್ಟು, ಒಬ್ಬ ಮಾರಾಟಗಾರನ ಹತ್ತಿರ ಸೀಲ್ ಒಡೆಯದ ಮೂರು ಬೊಂಬೆಯ ಪ್ಯಾಕ್ ತರಿಸಿದೆವು. ಈ ಮೂರರ ಪ್ಯಾಕ್ ಅನ್ನೋದೇ ಒಂದು ಕಥೆ. ನಿಮಗೆ ಬೇಕಾಗಿರೋದು ಒಬ್ಬ ಹೊಸ ಪಾತ್ರ, ಅವನ ಅಕ್ಕಪಕ್ಕ ನಿಮ್ಮ ಹತ್ತಿರ ಆಗಲೇ ಇರೋ ಸೂಪರ್‌ಮನ್ನೋ ಬ್ಯಾಟ್‌ಮನ್ನೋ ಮತ್ತೆ ಬಂದು ಕೂತಿರ್ತಾನೆ. ಅಂಗಡಿಗೆ ಬರೋ ರಟ್ಟಿನ ಪೆಟ್ಟಿಗೆಯಲ್ಲೂ ಅದೇ ಲೆಕ್ಕ: ಹೆಸರುವಾಸಿ ಹೀರೋಗಳು ಹೆಚ್ಚು, ಖಳರು ಮತ್ತು ಹೆಣ್ಣು ಪಾತ್ರಗಳು ಕಮ್ಮಿ. ಅಪರೂಪ ಅಂತ ನಾವು ಹೆಚ್ಚು ದುಡ್ಡು ಕೊಡೋ ಬೊಂಬೆ ಎಷ್ಟೋ ಸಲ ಹಾಗೆ ಎಣಿಸಿ ಕಮ್ಮಿ ಹಾಕಿದ್ದು.

ಪ್ಯಾಕ್ ಬಂತು. ಕಾರ್ಡ್ ಮೂಲೆ ಕೂಡ ಮಡಚಿಲ್ಲ. ಆದರೆ ಒಳಗೆ ನೋಡಿದರೆ ಒಬ್ಬನ ಕಾಲು ಬಾಗಿ ಹೋಗಿದೆ, ಕೇಪಿನ ಮೇಲೆ ಎಣ್ಣೆ ಸವರಿದ ಹಾಗೆ ಹೊಳಪು. ಬಿಚ್ಚೋದೋ ಬೇಡವೋ ಅಂತ ರಾತ್ರಿ ಒಂದು ಗಂಟೆವರೆಗೂ ಜಗಳ. ಬಿಚ್ಚಿದರೆ ಬೆಲೆ ಬಿತ್ತು ಅಂತ ಇಬ್ಬರು. ಬಿಚ್ಚದಿದ್ದರೆ ಬೊಂಬೆಯೇ ಹೋಯ್ತು ಅಂತ ಇನ್ನಿಬ್ಬರು. ಕೊನೆಗೆ ಜಗಳ ಬಿಡಿಸಿದ್ದು ಕೆಮಿಸ್ಟ್ರಿ. ಪಿವಿಸಿ ಹುಟ್ಟಾ ಗಟ್ಟಿ. ಅದನ್ನು ಮೆತ್ತಗೆ ಮಾಡೋಕೆ ಪ್ಲಾಸ್ಟಿಸೈಜರ್ ಬೆರೆಸ್ತಾರೆ. ಅದು ಪಾಲಿಮರ್ ಸರಪಳಿಗೆ ಅಂಟಿಕೊಂಡಿರಲ್ಲ, ಸರಪಳಿಗಳ ನಡುವೆ ಸುಮ್ಮನೆ ಕೂತಿರುತ್ತೆ. ಹಾಗಾಗಿ ವರ್ಷಗಳು ಕಳೆದಂತೆ ನಿಧಾನಕ್ಕೆ ಹೊರಗೆ ಜಿನುಗುತ್ತೆ. ಹಳೆಯ ಪ್ಲಾಸ್ಟಿಕ್ ಬ್ಯಾಗಿನ ಜಿಗುಟು ಇದೇ. ಗಾಳಿಯಾಡದ ಬಬಲ್ ಒಳಗೆ ಆ ಜಿಗುಟು ಎಲ್ಲಿಗೂ ಹೋಗಲ್ಲ, ಅಲ್ಲೇ ಬಣ್ಣದ ಮೇಲೆ ನಿಂತಿರುತ್ತೆ. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಥಾಲೇಟ್‌ಗಳಲ್ಲಿ ಕೆಲವನ್ನು ಮಕ್ಕಳ ಆಟಿಕೆಗಳಲ್ಲಿ ಅಮೆರಿಕ 2008ರ ಕಾನೂನಿನಿಂದ ಶೇ. 0.1ಕ್ಕೆ ಮಿತಿಗೊಳಿಸಿತು. ಅದಕ್ಕೆ ಮುಂಚಿನ ಬೊಂಬೆ ಕೊಳ್ಳೋರು ಇದನ್ನು ನೆನಪಿಟ್ಟುಕೊಳ್ಳಬೇಕು. ಸೀಲ್ ಕಾಪಾಡಿದ್ದು ಪೆಟ್ಟಿಗೆಯನ್ನ, ಬೊಂಬೆಯನ್ನ ಅಲ್ಲ ಅಂತ ಗೊತ್ತಾದ ಮೇಲೆ ಕತ್ತರಿ ತಂದೆವು.

ತೊಳೆಯೋದು ಹೀಗೆ: ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ, ಮೆತ್ತಗಿನ ಬ್ರಷ್. ಥಿನ್ನರ್, ಅಸಿಟೋನ್ ಹತ್ತಿರವೂ ತರಬೇಡಿ, ಬಣ್ಣ ಎದ್ದು ಬರುತ್ತೆ. ಬಾಗಿದ ಕಾಲಿಗೆ, ಕುದಿದು ಇಳಿಸಿದ ನೀರಿನಲ್ಲಿ ಅರ್ಧ ನಿಮಿಷ ಇಕ್ಕಳದಲ್ಲಿ ಹಿಡಿದು ಅದ್ದಿ, ನೆಟ್ಟಗೆ ಮಾಡಿ, ಹಾಗೇ ಹಿಡಿದುಕೊಂಡೇ ಐಸ್ ನೀರಿಗೆ ಇಳಿಸಿ. ಬಿಸಿಯಲ್ಲಿ ಹೊಸ ಆಕಾರ, ತಣ್ಣೀರಿನಲ್ಲಿ ಅದು ಗಟ್ಟಿ. ಕೈ ಸುಟ್ಟುಕೊಳ್ಳಬೇಡಿ, ನಮ್ಮಲ್ಲೊಬ್ಬ ಸುಟ್ಟುಕೊಂಡ.

ಇಷ್ಟೆಲ್ಲ ಬರೀ ಬೊಂಬೆಗಾಗಿಯಾ ಅಂತ ಮೆಸ್ಸಿನಲ್ಲಿ ಕೇಳೋರಿದ್ದಾರೆ. ಅವರಿಗೆ ಎರಡು ಸಂಗತಿ ಹೇಳ್ತೇವೆ. 'ಬೊಂಬೆ' ಅಂದರೆ ಹುಡುಗರು ಕೊಳ್ಳಲ್ಲ ಅನ್ನೋ ಅಂಜಿಕೆಯಿಂದ 1964ರಲ್ಲಿ ಹ್ಯಾಸ್‌ಬ್ರೋ ಕಂಪನಿ ತನ್ನ ಜಿ.ಐ. ಜೋಗೆ 'ಆಕ್ಷನ್ ಫಿಗರ್' ಅಂತ ಹೆಸರಿಟ್ಟಿತು. ನಮಗೆ ಆ ಅಂಜಿಕೆ ಇಲ್ಲ, ದಸರಾದಲ್ಲಿ ಕೂರಿಸೋದೂ ಬೊಂಬೆಯೇ. ಆದರೆ ಅಮೆರಿಕದ ಸುಂಕದ ಪುಸ್ತಕದಲ್ಲಿ ಮನುಷ್ಯರೂಪದ ಬೊಂಬೆಗೆ ಶೇ. 12, ಬೇರೆ ಆಟಿಕೆಗೆ ಶೇ. 6.8 ಇತ್ತು. ಟಾಯ್ ಬಿಜ್ ಕಂಪನಿ ತನ್ನ ಎಕ್ಸ್-ಮೆನ್ ಬೊಂಬೆಗಳು ಮನುಷ್ಯರದ್ದಲ್ಲ ಅಂತ ಕೋರ್ಟಿಗೆ ಹೋಗಿ 2003ರಲ್ಲಿ ಗೆದ್ದಿತು. ನಾವೂ ಮನುಷ್ಯರೇ ಅಂತ ಕಥೆಯುದ್ದಕ್ಕೂ ಹೋರಾಡಿದವರು ತೆರಿಗೆ ಉಳಿಸೋಕೆ ಮನುಷ್ಯರಲ್ಲ ಅನ್ನಿಸಿಕೊಂಡರು.

ಎರಡನೆಯದು ನಮಗೆ ಇನ್ನೂ ನೋಯುವಂಥದ್ದು. 2010ರಲ್ಲಿ ಶುರುವಾದ 'ಯಂಗ್ ಜಸ್ಟಿಸ್' ನಮ್ಮಲ್ಲಿ ಅರ್ಧ ಜನರಿಗೆ ಜಸ್ಟಿಸ್ ಲೀಗ್‌ಗಿಂತ ಇಷ್ಟ. ಅದರ ಖರ್ಚಿಗೆ ಆಸರೆಯಾಗಿದ್ದು ಮ್ಯಾಟೆಲ್ ಬೊಂಬೆಗಳ ವ್ಯವಹಾರ. ಬೊಂಬೆ ಓಡಲಿಲ್ಲ, ಆ ದುಡ್ಡು ನಿಂತಿತು, 2013ರಲ್ಲಿ ಎರಡೇ ಸೀಸನ್‌ಗೆ ಕಾರ್ಟೂನೂ ನಿಂತಿತು ಅಂತ ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ರೆಗ್ ವೈಸ್‌ಮನ್ ಹೇಳಿದ್ದಾರೆ. ನೋಡೋರು ಇದ್ದರು, ಕಥೆ ಚೆನ್ನಾಗಿತ್ತು, ಆದರೂ ಮುಂದಿನ ಸೀಸನ್ ಬರೋದಕ್ಕೆ 2019ರವರೆಗೆ ಕಾಯಬೇಕಾಯಿತು. ಹಾಗಾಗಿ ಶೆಲ್ಫ್ ಮೇಲಿನ ಆ ಪ್ಲಾಸ್ಟಿಕ್ ತುಂಡನ್ನು ಕಾರ್ಟೂನಿನ ಬಾಲ ಅಂತ ನಾವು ನೋಡೋದಿಲ್ಲ. ಎಷ್ಟೋ ಸಲ ಅದೇ ಬೇರು.

ಸದ್ಯಕ್ಕೆ ಮೂರರ ಪ್ಯಾಕಿನವರು ಸ್ನಾನ ಮುಗಿಸಿ ಸಾಲಿಗೆ ಸೇರಿದ್ದಾರೆ, ಶೆಲ್ಫ್ ಮೇಲೆ ಹದಿನಾಲ್ಕು ಜನ. ಎರಡನೇ ಸೂಪರ್‌ಮನ್ ಯಾರಿಗಾದರೂ ಬೇಕಿದ್ದರೆ ಹೇಳಿ, ಹಾಕ್‌ಗರ್ಲ್ ಇನ್ನೊಬ್ಬಳು ಇದ್ದರೆ ಬದಲಿಗೆ ಕೊಡ್ತೇವೆ. ಫ್ಲ್ಯಾಶ್‌ಗೆ ಬಿಸಿನೀರಿನ ಚಿಕಿತ್ಸೆ ಎರಡು ಸಲ ಆಯಿತು. ಈ ಸಲ ಹದಿನೇಳು ದಿನ ನಿಂತ. ಈಗ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕಕ್ಕೆ ಬೆನ್ನು ಕೊಟ್ಟು ನಿಲ್ಲಿಸಿದ್ದೇವೆ, ಇಂಟರ್ನಲ್ಸ್ ಹತ್ತಿರ ಬಂದಾಗ ಮಾತ್ರ ತೊಂದರೆ.