ತೊಡೆ ತಟ್ಟುವ ಮೊದಲು

ಹಿಂದೂಪುರ, ಕಲ್ಯಾಣದುರ್ಗದ ಮಕ್ಕಳೇ, ಈಚೆಗೆ ನಿಮ್ಮನ್ನು ನೋಡಿದರೆ ಕಳವಳವಾಗುತ್ತದೆ. ಕಾಲೇಜಿನ ಗೇಟಿನ ಮುಂದೆ 'ಏನೋ ಗುರಾಯಿಸ್ತೀಯಾ' ಎಂದು ಶುರುವಾದದ್ದು ಕಾಲರು ಹಿಡಿಯುವವರೆಗೆ ಹೋಗುತ್ತದೆ. ಸುತ್ತ ನಿಂತವರು ಬಿಡಿಸುವುದಿಲ್ಲ, ಮೊಬೈಲು ಎತ್ತಿ ಹಿಡಿಯುತ್ತಾರೆ. ಏಟು ತಿಂದವನ ಮುಖ ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ.

ಈ ಪೊಗರಿಗೆ ನಮ್ಮ ಅನಂತಪುರ ಸೀಮೆ ಬಹಳ ಬೆಲೆ ತೆತ್ತಿದೆ. ಬಣಗಳ ಹಗೆಯಲ್ಲಿ ಪರಿಟಾಲ ಶ್ರೀರಾಮುಲು 1975ರಲ್ಲಿ ಕೊಲೆಯಾದರು. ಮಗ ರವಿ ಪೆನುಕೊಂಡದ ಶಾಸಕರಾಗಿ, ಮಂತ್ರಿಯೂ ಆದರು. 2005ರ ಜನವರಿ 24ರಂದು ಅನಂತಪುರದಲ್ಲಿ ಹಾಡಹಗಲೇ ಗುಂಡಿಗೆ ಬಲಿಯಾದರು. ಆ ಪ್ರಕರಣದ ಮುಖ್ಯ ಆರೋಪಿ ಸೂರಿಯನ್ನು 2011ರಲ್ಲಿ ಅವನ ಸಂಗಡಿಗನೇ ಕೊಂದ. ಈ ನಡುವೆ ಹೆಸರಿಲ್ಲದ ಎಷ್ಟೋ ಮನೆಗಳ ಗಂಡುಮಕ್ಕಳು ಹೋದರು. ಆದರೂ 1999ರ 'ಸಮರಸಿಂಹಾ ರೆಡ್ಡಿ'ಯಿಂದಾಚೆಗೆ ತೆಲುಗು ಸಿನಿಮಾಗಳು ಆ ಹಗೆಯನ್ನೇ ಗಂಡಸುತನವೆಂದು ತೋರಿಸುತ್ತ ಬಂದವು. ಹೊರಗಿನವರು ನಮ್ಮನ್ನು ಹಾಗೆಯೇ ನೋಡಿದರು. ನೀವೂ ಹಾಗೆಯೇ ನೋಡಿಕೊಳ್ಳಬೇಡಿ.

ಹೆಣ್ಣುಮಕ್ಕಳೇ, ಒಬ್ಬಳನ್ನು ಗುಂಪಿನಿಂದ ಹೊರಗಿಡುವುದು, ಬಣ್ಣ ಕಪ್ಪೆಂದು ಸ್ಟೇಟಸ್ಸಿನಲ್ಲಿ ಚುಚ್ಚುವುದು, ಇವೂ ಹೊಡೆತಗಳೇ. ಹಾಗೆ ಆಡಿಕೊಳ್ಳುವವಳೇ ತನ್ನ ಫೋಟೋವನ್ನು ಫಿಲ್ಟರ್ ಇಲ್ಲದೆ ಹಾಕಲು ಹೆದರುವುದನ್ನು ಕಂಡಿದ್ದೇನೆ.

ಸಿಟ್ಟು ಕೀಳರಿಮೆಯಿಂದಲೇ ಬರುತ್ತದೆಂದು ಬಹಳ ಜನ ನಂಬಿದ್ದಾರೆ. ಅಮೆರಿಕದ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1996ರಲ್ಲಿ ಬೇರೆಯೇ ಹೇಳಿದರು: ತಾನು ಬಹಳ ದೊಡ್ಡವನೆಂದು ಬೀಗುವವನಿಗೆ ಯಾರಾದರೂ ಹಾಗಲ್ಲವೆಂದಾಗ ಕೈ ಮೇಲೇಳುತ್ತದೆ. ನಾನು ಕಂಡದ್ದೂ ಅದೇ. ಇನ್ನೊಬ್ಬರ ನೋಟದ ಮೇಲೆ ನಿಂತ ಹಿರಿಮೆ ಅದೇ ನೋಟಕ್ಕೆ ಕುಸಿಯುತ್ತದೆ.

ಕೈಯಲ್ಲೊಂದು ಆಟವೋ ಕೆಲಸವೋ ಇದ್ದರೆ ಹಾಗಾಗದು. ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಆರಂಭಿಸಿದ ಆರ್‌ಡಿಟಿ ಸಂಸ್ಥೆಯ ಮೈದಾನದಲ್ಲಿ ಕಲಿತ ಬಾರೆಡ್ಡಿ ಅನುಷಾ 2023ರ ಜುಲೈನಲ್ಲಿ ಬಾಂಗ್ಲಾದೇಶದ ಎದುರು ಭಾರತದ ಪರ ಕ್ರಿಕೆಟ್ ಆಡಿದಳು. ಮಳೆಗೆ ಬಾಯಿ ಬಿಡುವ ಇದೇ ಸೀಮೆಯ ಹಳ್ಳಿ ಹುಡುಗಿ. ಅವಳು ಬೌಲರ್. ಬೌಲರ್‌ಗೆ ಅವಮಾನ ದಿನನಿತ್ಯದ್ದು. ಸಿಕ್ಸರ್ ಹೊಡೆಸಿಕೊಂಡ ಮೇಲೂ ಮುಂದಿನ ಚೆಂಡು ಎಸೆಯಲೇಬೇಕು, ಅದೂ ತಲೆ ಕೆಡಿಸಿಕೊಳ್ಳದೆ. ಅದನ್ನು ಕಲಿಯಿರಿ.

ಸಿಟ್ಟು ನೆತ್ತಿಗೇರಿದಾಗ ಅಲ್ಲಿಂದ ಸರಿದುಬಿಡಿ. ಯಾರು ಏನೆಂದರೂ ಸರಿ. ಜಗಳ ಕಂಡರೆ ಮೊಬೈಲು ಜೇಬಿಗಿಟ್ಟು ಬಿಡಿಸಿ. ಮನೆಯಲ್ಲಿ ಹೇಳಲಾಗದ್ದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಮಾತಾಡುತ್ತಾರೆ, ಕನ್ನಡದಲ್ಲೂ ತೆಲುಗಿನಲ್ಲೂ, ದುಡ್ಡು ಕೇಳುವುದಿಲ್ಲ.