ಗುಂಪಿನಿಂದ ರೋಗಾಣುವನ್ನು ಬೇರ್ಪಡಿಸುವ ವಿಧಾನ

ವಿಷಮಶೀತ ಜ್ವರದಿಂದ ಗುಣಹೊಂದಿದವರಲ್ಲಿ ಕೆಲವರು, ತಮಗೆ ಯಾವ ಬಾಧೆಯೂ ಇಲ್ಲದಿದ್ದರೂ, ವರ್ಷಗಟ್ಟಲೆ ಆ ರೋಗದ ಬ್ಯಾಕ್ಟೀರಿಯಗಳನ್ನು ಮಲದೊಡನೆ ಹೊರಹಾಕುತ್ತಿರುತ್ತಾರೆ. ಅಂಥವರೊಬ್ಬರು ಹೋಟೆಲಿನಲ್ಲಿ ಅಡಿಗೆಯವರಾಗಿದ್ದರೆ ಒದಗುವ ಅನಾಹುತವನ್ನು ಊಹಿಸಬಹುದು. ಅವರನ್ನು ಗುರುತಿಸುವುದಾದರೂ ಹೇಗೆ? ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಮಿಕ್ಕಿ ಬ್ಯಾಕ್ಟೀರಿಯಗಳುಂಟು. ಸೂಕ್ಷ್ಮದರ್ಶಕದಿಂದ ನೋಡಿದರೆ ವಿಷಮಶೀತದ ದಂಡಾಣುವಿಗೂ ಕರುಳಿನ ನಿತ್ಯನಿವಾಸಿಯಾದ ಕೋಲಿ ದಂಡಾಣುವಿಗೂ ಭೇದ ಕಾಣದು.

ದ್ರವಾಹಾರದಲ್ಲಿ ಬೆಳೆಸಿದರೆ ಎಲ್ಲವೂ ಕಲೆತುಹೋಗುತ್ತವೆ. ಆದುದರಿಂದ ಜರ್ಮನಿಯ ರಾಬರ್ಟ್ ಕಾಖನು ಘನವಾದ ನೆಲೆಯನ್ನು ಅರಸಿದನು. ಆಲೂಗೆಡ್ಡೆಯ ಹೋಳನ್ನೂ ಜೆಲಟಿನ್ನನ್ನೂ ಬಳಸಿದನು. ಆದರೆ ಜೆಲಟಿನ್ ದೇಹದ ಉಷ್ಣತೆಯಾದ 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ ನೀರಾಗುತ್ತದೆ. ಆಗ ಕಾಖನ ಸಹಾಯಕನಾಗಿದ್ದ ಹೆಸ್ಸೆಯ ಪತ್ನಿ ಫ್ಯಾನಿ, ತಾನು ಅಡಿಗೆಯಲ್ಲಿ ಬಳಸುತ್ತಿದ್ದ ಅಗರನ್ನು ಸೂಚಿಸಿದಳು. ಕಡಲ ಪಾಚಿಯಿಂದ ದೊರೆಯುವ ಈ ವಸ್ತು ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ಸುಮಾರು 40 ಡಿಗ್ರಿಯಲ್ಲಿ ಹೆಪ್ಪುಗಟ್ಟಿದ ಅಗರು ಸುಮಾರು 85 ಡಿಗ್ರಿಯವರೆಗೆ ಮತ್ತೆ ಕರಗದು. 1887ರಲ್ಲಿ ಬಂದ ಗಾಜಿನ ತಟ್ಟೆಗೆ ಪೆಟ್ರಿಯ ಹೆಸರು ನಿಂತಿತು. ಅಗರಿಗೆ ಮಾತ್ರ ಫ್ಯಾನಿಯ ಹೆಸರು ಅಂಟಲಿಲ್ಲ.

ತಂತಿಯ ಕುಣಿಕೆಯಿಂದ ಮಾದರಿಯ ಲೇಶವನ್ನು ಅಗರಿನ ಒಂದು ಅಂಚಿನಲ್ಲಿ ಸವರುತ್ತಾರೆ. ಕುಣಿಕೆಯನ್ನು ಉರಿಯಲ್ಲಿ ಕಾಯಿಸಿ, ಆರಿಸಿ, ಸವರಿದ ಭಾಗದಿಂದ ಹೊಸ ಗೆರೆಗಳನ್ನೆಳೆಯುತ್ತಾರೆ. ಹೀಗೆಯೇ ಮೂರು ನಾಲ್ಕು ಬಾರಿ. ಕೊನೆಯ ಗೆರೆಗಳಲ್ಲಿ ಬ್ಯಾಕ್ಟೀರಿಯಗಳು ಒಂದೊಂದಾಗಿ ದೂರದೂರ ಉಳಿಯುತ್ತವೆ. ಮರುದಿನ ಒಂದೊಂದರ ಸಂತತಿಯೂ ಕಣ್ಣಿಗೆ ಕಾಣುವ ಚುಕ್ಕೆಯಾಗಿರುತ್ತದೆ. ಇದೇ ಕಾಲೊನಿ.

ಆದರೆ ಲಕ್ಷದಲ್ಲಿ ಒಂದಾಗಿರುವ ರೋಗಾಣು ಆ ಕೊನೆಯ ಗೆರೆಗೆ ಬರುವುದೆಂಬ ಭರವಸೆಯೇನು? ಇಲ್ಲಿಯೇ ಮ್ಯಾಕಾಂಕಿಯ ಜಾಣ್ಮೆಯನ್ನು ಮೆಚ್ಚಬೇಕು. ಅವನು ಅಗರಿಗೆ ಪಿತ್ತಲವಣ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮತ್ತು ನ್ಯೂಟ್ರಲ್ ರೆಡ್ ಎಂಬ ಬಣ್ಣವನ್ನು ಬೆರೆಸಿದನು. ಪಿತ್ತಲವಣವು ಅನೇಕ ಜಾತಿಯ ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ; ಪಿತ್ತಕೋಶದಲ್ಲಿಯೇ ಅಡಗಿರಬಲ್ಲ ವಿಷಮಶೀತದ ದಂಡಾಣುವಿಗೆ ಅದು ಬಾಧಕವಲ್ಲ. ಕೋಲಿಯೂ ಬೆಳೆಯುತ್ತದೆ, ನಿಜ. ಆದರೆ ಅದು ಲ್ಯಾಕ್ಟೋಸನ್ನು ಹುದುಗಿಸಿ ಆಮ್ಲವನ್ನುಂಟುಮಾಡುವುದರಿಂದ ಅದರ ಕಾಲೊನಿ ಕೆಂಪಾಗುತ್ತದೆ. ವಿಷಮಶೀತದ ದಂಡಾಣುವಿನ ಕಾಲೊನಿಗೆ ಬಣ್ಣವಿಲ್ಲ. ರೋಗಾಣುಗಳು ತೀರ ವಿರಳವಾಗಿದ್ದರೆ, ಮಾದರಿಯನ್ನು ಮೊದಲು ಸೆಲೆನೈಟ್ ಬೆರೆಸಿದ ದ್ರವಾಹಾರದಲ್ಲಿಡುತ್ತಾರೆ. ಅದರಲ್ಲಿ ಕೋಲಿಯ ಬೆಳೆವಣಿಗೆ ಕೆಲವು ಗಂಟೆಗಳ ಕಾಲ ಕುಂಠಿತವಾಗುತ್ತದೆ. ಅಷ್ಟರಲ್ಲಿ ಬೇಕಾದುದು ಸಂಖ್ಯೆಯಲ್ಲಿ ಮುಂದಾಗುತ್ತದೆ.

ಬಣ್ಣವಿಲ್ಲದ ಕಾಲೊನಿಗಳೆಲ್ಲವೂ ವಿಷಮಶೀತದವೆಂದು ತಿಳಿಯಬಾರದು. ಆಮಶಂಕೆಯ ಷಿಗೆಲ್ಲ, ಪ್ರೋಟಿಯಸ್ ಮುಂತಾದವೂ ಹಾಗೆಯೇ ತೋರುತ್ತವೆ. ಆದ್ದರಿಂದ ಒಂಟಿ ಕಾಲೊನಿಯೊಂದನ್ನೆತ್ತಿ ಮತ್ತೊಂದು ತಟ್ಟೆಯಲ್ಲಿ ಪುನಃ ಗೆರೆಯೆಳೆದು ಶುದ್ಧಗೊಳಿಸಿ, ಬಗೆಬಗೆಯ ಸಕ್ಕರೆಗಳ ಮೇಲೆ ಅದರ ವರ್ತನೆಯನ್ನು ನೋಡಿ, ಕೊನೆಗೆ ತಕ್ಕ ಪ್ರತಿರಕ್ತರಸದಲ್ಲಿ ಅದು ಮುದ್ದೆಗಟ್ಟುವುದೇ ಎಂದು ಪರೀಕ್ಷಿಸುತ್ತಾರೆ.